ಮಂದಾರದ ಬಾವಿಗಳು ಕೇಳುತ್ತಿರುವ ಪ್ರಶ್ನೆ

2019ರ ಆಗಸ್ಟ್ ತಿಂಗಳ ಮಳೆಗೆ ಮಂಗಳೂರಿನ ಪಚ್ಚನಾಡಿಯ ತ್ಯಾಜ್ಯದ ಗುಡ್ಡ ಕುಸಿದು ಮಂದಾರದ ಮನೆ, ತೋಟಗಳ ಮೇಲೆ ಹರಿದಾಗ ನಾಡಿನ ಗಮನ ಅತ್ತ ಹೊರಳಿತ್ತು. ತಲೆಮಾರುಗಳ ಅಡಿಕೆ, ತೆಂಗು ಕಸದಡಿ ಹೂತುಹೋದವು. ಕುಟುಂಬಗಳು ಉಟ್ಟ ಬಟ್ಟೆಯಲ್ಲೇ ಮನೆ ತೊರೆದವು. ಆದರೆ ಕುಸಿತವು ಕಣ್ಣಿಗೆ ಕಾಣುವ ದುರಂತ. ಅದೇ ಗುಡ್ಡದ ಬುಡದಿಂದ ಸದ್ದಿಲ್ಲದೆ ಜಿನುಗಿ ತೋಡು ಸೇರಿ, ತೋಡಿನಿಂದ ಫಲ್ಗುಣಿ ನದಿ ಸೇರುವ ಕಪ್ಪು ನೀರು ಸುದ್ದಿಯಾದದ್ದು ಮಳವೂರು ಕಿಂಡಿ ಅಣೆಕಟ್ಟಿನ ಕುಡಿಯುವ ನೀರು ಕೆಟ್ಟಾಗ ಮಾತ್ರ.

ಈ ಕಪ್ಪು ನೀರು ಎಲ್ಲಿಂದ ಬರುತ್ತದೆ? ನಮ್ಮ ಅಡುಗೆಮನೆಯ ಹಸಿಕಸ ಕೊಳೆತಾಗ ಬಿಡುವ ರಸ ಒಂದು ಪಾಲು. ಉಳಿದದ್ದು ಮಳೆಯ ಕೊಡುಗೆ. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುತ್ತದೆ. ಎಂದರೆ ತೆರೆದಿಟ್ಟ ಒಂದು ಹೆಕ್ಟೇರ್ ಕಸದ ಮೇಲೆ ಬೀಳುವ ನೀರು ಸುಮಾರು ಮೂರೂವರೆ ಕೋಟಿ ಲೀಟರ್. ಅದರ ಕಾಲಂಶ ಕಸದೊಳಗಿಳಿದರೂ 87 ಲಕ್ಷ ಲೀಟರ್ ವಿಷ ಸಿದ್ಧ. ಮಳೆಗಾಲಕ್ಕೆ ಮೊದಲು ಗುಡ್ಡಕ್ಕೆ ಮಣ್ಣು ಅಥವಾ ದಪ್ಪ ಹೊದಿಕೆ ಹಾಸಿ, ಸುತ್ತಲೂ ಚರಂಡಿ ತೋಡಿ ಮಳೆನೀರನ್ನು ಹೊರಗೇ ತಿರುಗಿಸಿದರೆ ಸಮಸ್ಯೆಯ ದೊಡ್ಡ ಭಾಗ ಹುಟ್ಟುವುದೇ ಇಲ್ಲ. ಇದಕ್ಕೆ ವಿದೇಶಿ ತಂತ್ರಜ್ಞಾನವೇನೂ ಬೇಕಿಲ್ಲ. ಭತ್ತದ ರಾಶಿಯನ್ನು ಮಳೆಯಿಂದ ಕಾಪಾಡಬಲ್ಲ ನಮ್ಮ ರೈತನಿಗೆ ಇದು ತಿಳಿದಿದೆ.

ನಿಯಮಗಳ ಕೊರತೆಯೂ ಇರಲಿಲ್ಲ. ಭೂಭರ್ತಿಯ ತಳದಲ್ಲಿ 90 ಸೆಂಟಿಮೀಟರ್ ಜೇಡಿಮಣ್ಣು, ಅದರ ಮೇಲೆ 1.5 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಳೆ ಇರಬೇಕೆಂದೂ, ಒಸರುವ ನೀರನ್ನು ಸಂಗ್ರಹಿಸಿ ಶುದ್ಧೀಕರಿಸಬೇಕೆಂದೂ 2000ದ ಕೇಂದ್ರ ನಿಯಮಗಳೇ ಹೇಳಿದ್ದವು. 2016ರ ನಿಯಮಗಳು ಅದನ್ನೇ ಪುನರುಚ್ಚರಿಸಿದವು. ಈ ನೀರನ್ನು ಒಳಚರಂಡಿ ಶುದ್ಧೀಕರಣ ಘಟಕಕ್ಕೆ ಹಾಯಿಸಿದರಾಯಿತು ಎಂಬ ವಾದವೂ ಪೂರ್ಣ ಸತ್ಯವಲ್ಲ. ಇದರಲ್ಲಿರುವ ಅಮೋನಿಯಾ, ಲವಣ, ಸಾವಯವ ಕೊಳೆ ಮನೆಯ ಚರಂಡಿ ನೀರಿಗಿಂತ ಹಲವು ಪಟ್ಟು ತೀವ್ರ. ಮಿತಿಮೀರಿ ಸುರಿದರೆ ಕೊಳೆಯನ್ನು ತಿನ್ನುವ ಸೂಕ್ಷ್ಮಾಣುಗಳೇ ಸತ್ತು ಘಟಕವೇ ಕೆಡುತ್ತದೆ. ಪ್ರತ್ಯೇಕ ಘಟಕ ಅನಿವಾರ್ಯ.

ಮಹಾನಗರ ಪಾಲಿಕೆಯನ್ನು ಎರಡೂ ಪ್ರಮುಖ ಪಕ್ಷಗಳು ಆಳಿವೆ. ಯಾರ ಊಟದಲ್ಲಿ ಏನಿದೆ, ಯಾರ ತಲೆಯ ಮೇಲೆ ಯಾವ ಬಟ್ಟೆಯಿದೆ ಎಂಬ ಚರ್ಚೆಗೆ ಈ ಜಿಲ್ಲೆಯ ರಾಜಕೀಯ ಸದಾ ಸಿದ್ಧ. ಬಾವಿಯಲ್ಲಿ ಏನಿದೆ ಎಂಬುದು ಮಾತ್ರ ಚುನಾವಣಾ ವಿಷಯವಾಗುವುದಿಲ್ಲ. ಅಳಿವೆಯಲ್ಲಿ ಮರುವಾಯಿ ಹೆಕ್ಕುವವರಿಗೂ, ಬೆಂಗ್ರೆಯಲ್ಲಿ ಬಲೆ ಬೀಸುವ ಮುಸ್ಲಿಮ್ ಮತ್ತು ಮೊಗವೀರ ಮೀನುಗಾರರಿಗೂ ಫಲ್ಗುಣಿ ತರುವುದು ಒಂದೇ ನೀರನ್ನು!

ಆದರೆ ಪಾಲಿಕೆಯತ್ತ ಬೆರಳು ತೋರಿಸಿ ಸಮುದಾಯ ಕೈತೊಳೆದುಕೊಳ್ಳುವಂತಿಲ್ಲ. ನೀರಿನ ಮೂಲ, ದಾರಿ ಮತ್ತು ಜನರು ತಂಗುವ ನೆರಳನ್ನು ಮಲಿನಗೊಳಿಸುವುದನ್ನು ಪ್ರವಾದಿ(ಸ) ಶಾಪಕ್ಕೆ ಗುರಿಮಾಡುವ ಕೃತ್ಯಗಳೆಂದು ಎಚ್ಚರಿಸಿದ್ದಾರೆ. ವುಝೂವಿನ ನೀರು ಶುದ್ಧವೋ ಅಲ್ಲವೋ ಎಂದು ಗಂಟೆಗಟ್ಟಲೆ ಚರ್ಚಿಸುವ ನಾವು, ವಲೀಮಾ ಮುಗಿದ ರಾತ್ರಿ ಸಭಾಂಗಣದ ಹಿಂದೆ ರಾಶಿ ಬೀಳುವ ಬಿರಿಯಾನಿ ಯಾರ ಬಾವಿಗೆ ಇಳಿಯುತ್ತದೆಂದು ಎಂದಾದರೂ ಕೇಳಿದ್ದೇವೆಯೇ? ಪ್ಲಾಸ್ಟಿಕ್ ತಟ್ಟೆಯ ಜೊತೆ ಕಟ್ಟಿ ಬಿಸುಟ ಅನ್ನ ಗೊಬ್ಬರವೂ ಆಗದು, ಕೋಳಿಗೆ ಮೇವೂ ಆಗದು. ನಿಕಾಹ್‌ಗೆ ದಿನ ಗೊತ್ತುಪಡಿಸುವಾಗಲೇ ಹಸಿಕಸ ಬೇರ್ಪಡಿಸುವ ಷರತ್ತನ್ನು ಮೊಹಲ್ಲಾ ಜಮಾಅತ್‌ಗಳು ವಿಧಿಸಬಹುದು. ಬಕ್ರೀದ್‌ನ ತ್ಯಾಜ್ಯವನ್ನು ಆಯಾ ಮೊಹಲ್ಲಾದಲ್ಲೇ ಆಳವಾಗಿ ಹೂಳುವ ಹೊಣೆಯನ್ನು ಯುವಕರಿಗೆ ವಹಿಸಬಹುದು. ಜುಮಾ ಖುತುಬಾದಲ್ಲಿ ಈ ಬಗ್ಗೆ ಹತ್ತು ನಿಮಿಷ ಮಾತಾಡಿದರೆ ಯಾವ ಮದ್‌ಹಬ್‌ಗೂ ಧಕ್ಕೆಯಾಗದು.

ಪಾಲಿಕೆಯಿಂದ ನಾಗರಿಕರು ಕೇಳಬೇಕಾದದ್ದು ದೊಡ್ಡದೇನಲ್ಲ. ಮಂದಾರ ಮತ್ತು ಆಸುಪಾಸಿನ ಬಾವಿಗಳ ನೀರನ್ನು ಪ್ರತಿ ತಿಂಗಳು ಪರೀಕ್ಷಿಸಿ ಫಲಿತಾಂಶವನ್ನು ಕನ್ನಡದಲ್ಲಿ, ವಾರ್ಡ್ ಕಚೇರಿಯ ಗೋಡೆಯ ಮೇಲೆ ಅಂಟಿಸಲಿ. ಮೊದಲ ಪಟ್ಟಿ ಮುಂಗಾರಿಗೆ ಮುನ್ನವೇ ಹೊರಬೀಳಲಿ.