ರಾಕ್ ರೇಡಿಯೊ ಇರಲಿ ಬಿಡ್ರಿ, ನಮ್ಮೂರಿಗೊಂದು ಮೈಕ್ ಬೇಕು

ದೀಪಾವಳಿಗೆ ಬೆಂಗಳೂರಿಂದ ಬಂದಿದ್ದ ನಮ್ಮ ಅಕ್ಕನ ಮಗ, "ಚಿಗವ್ವ, ನಿಮ್ಮ ಹಾವೇರ್ಯಾಗ ಒಂದು ರಾಕ್ ರೇಡಿಯೊನೂ ಇಲ್ಲಲ್ಲ" ಅಂದ. ನಾ ರೊಟ್ಟಿ ಬಡಿಯಾಕತ್ತಿದ್ದೆ. "ರಾಕ್ ಅಂದ್ರೇನಪಾ?" ಅಂದೆ. ಫೋನಿನ್ಯಾಗ ಒಂದು ಹಾಡು ಹಚ್ಚಿದ. ಗಿಟಾರು, ಡ್ರಮ್ಮು, ಮನಿ ತಗಡು ನಡಗೂ ಹಂಗ ಸಪ್ಪಳ. ಕಿವಿಗೊಟ್ಟು ಕೇಳಿದ್ರ ಅದು ನಮ್ಮ ಶಿಶುನಾಳ ಶರೀಫಜ್ಜನ ಗುಡುಗುಡಿ ಪದ! ರಘು ದೀಕ್ಷಿತ್ ಹಾಡಿದ್ದಂತ. ಶಿಶುನಾಳ ಎಲ್ಲೈತಿ? ನಮ್ಮ ಜಿಲ್ಲಾದಾಗ, ಶಿಗ್ಗಾಂವಿ ತಾಲೂಕಿನ್ಯಾಗ. ನನಗ ನಗಿ ಬಂತು.

ಬೆಂಗಳೂರಾಗ 2001ರಾಗ ಖಾಸಗಿ ಎಫ್‌ಎಂ ಬಂತು. 2006ರಾಗ ಇಂಗ್ಲಿಷ್ ಹಾಡಿಗಂತನ ರೇಡಿಯೊ ಇಂಡಿಗೊ ಸುರು ಆತು. ನಮಗ ರೇಡಿಯೊ ಅಂದ್ರ ಒಂದ, ಧಾರವಾಡ ಆಕಾಶವಾಣಿ. 1950ರ ಜನವರಿ 8ಕ್ಕ ಸುರು ಆದದ್ದು. ಬೇಂದ್ರೆ ಅಜ್ಜಾರು ಅಲ್ಲಿ ಸಲಹೆಗಾರರಾಗಿದ್ರು, ಮಲ್ಲಿಕಾರ್ಜುನ ಮನಸೂರರು ಸಂಗೀತದ ಸಲಹೆಗಾರರು. ದೊಡ್ಡ ಗಾಯಕರ ಹಾಡು ರೊಕ್ಕ ಕೊಡದ ನಮ್ಮ ಒಲಿ ಮುಂದ ಬರತಿತ್ತು.

ರೇಡಿಯೊ ಹೆಣಮಕ್ಕಳದು ಅಂತ ನಾ ಯಾವಾಗಲೂ ಅಂತೀನಿ. ಟಿವಿಗೆ ಕಣ್ಣು ಕೊಡಬೇಕು, ಫೋನಿಗೆ ಕಣ್ಣು, ಕೈ ಎರಡೂ ಕೊಡಬೇಕು. ಬ್ಯಾಡಗ್ಯಾಗ ಮೆಣಸಿನಕಾಯಿ ತೊಟ್ಟು ಬಿಡಸೂ ಹೆಣಮಗಳಿಗೆ ಕೈ ಖಾಲಿ ಎಲ್ಲೈತ್ರಿ? ಖಾರದ ಕೈಲೆ ಫೋನ್ ಮುಟ್ಟಿ ಕಣ್ಣೊರಸಿಕೊಂಡ್ರ ಮುಗೀತು! ರೇಡಿಯೊಕ್ಕ ಕಿವಿ ಒಂದ ಸಾಕು.

ಆದ್ರ ಒಂದು ಮಾತು ನನ್ನ ಮನಸಿನ್ಯಾಗ ಮುಳ್ಳಿನಂಗ ಕುಂತೈತಿ. ನಮ್ಮ ಸೋದರತ್ತಿನ್ನ ಬ್ಯಾಡಗಿಗೆ ಕೊಟ್ಟಿತ್ತು. ಸೋಬಾನ ಪದ, ಬೀಸೂ ಪದ, ತೊಟ್ಟಿಲ ಪದ ಅಂತ ಕುಂತ್ರ ಬೆಳತನ ಹಾಡ್ತಿದ್ಲು. ಕೇಳಿದವರೊಬ್ಬರು "ಧಾರವಾಡ ರೇಡಿಯೊದಾಗ ಹಾಡ್ರಿ, ಬೇಕಾದ್ರ ನಾ ಕೇಳಿ ನೋಡತೀನಿ" ಅಂದ್ರು. ಧಾರವಾಡ ಅಂದ್ರ ನೂರು ಕಿಲೋಮೀಟರಿನ ಆಜೂಬಾಜೂ. "ಹೆಣಮಗಳು ಅಷ್ಟು ದೂರ ಹೋಗಿ ಹಾಡಿದ್ರ ಮಂದಿ ಏನಂದಾರು?" ಅಂದ್ರು ಮನಿ ಹಿರೇರು. ಅಲ್ಲಿಗೆ ಮುಗೀತು. ಈಗ ಅತ್ತಿ ಇಲ್ಲ. ಅಕಿ ಪದ ನನಗ ಬರೂದು ಎರಡ, ಅದರಾಗೂ ಒಂದು ಅರ್ಧ ಮರತೇನಿ.

ಮೈಕು ಊರಾಗ, ನಡಕೊಂಡು ಹೋಗೂವಷ್ಟು ಹತ್ತರ ಇದ್ದಿದ್ರ ಅತ್ತಿ ಸಂತಿಗೆ ಹೋದಂಗ ಹೋಗಿ ಹಾಡಿ ಬರತಿದ್ಲು. ಯಾರ ಅಪ್ಪಣಿನೂ ಬೇಕಾಗ್ತಿರಲಿಲ್ಲ.

ಈಗ ಹಂಥಾ ಮೈಕಿಗೆ ದಾರಿ ಐತಿ. ಸಮುದಾಯ ರೇಡಿಯೊ ಅಂತಾರ. ಹತ್ತು-ಹನ್ನೆರಡು ಕಿಲೋಮೀಟರು ಕೇಳೂ ಸಣ್ಣ ಕೇಂದ್ರ. ಮದಲ ಕಾಲೇಜು, ವಿಶ್ವವಿದ್ಯಾಲಯಕ್ಕಷ್ಟ ಲೈಸೆನ್ಸ್ ಕೊಡ್ತಿದ್ರು. 2006ರಿಂದ ಸಂಘ-ಸಂಸ್ಥೆಗೂ ಕೊಡ್ತಾರ. ಧಾರವಾಡದ ಕೃಷಿ ವಿಶ್ವವಿದ್ಯಾಲಯ 2007ರಾಗ ರೈತರ ಸಲುವಾಗಿ ಒಂದು ನಡಿಸೇತಿ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಕಾಲೇಜಿನವರು, ಮಹಿಳಾ ಸಂಘದವರು ಕೂಡಿ ಊರಿಗೊಂದು ಯಾಕ ಕೇಳಬಾರದು?

ಖರ್ಚು ಐತಿ, ದಿನಾ ನಡಸೂದು ಹಗರ ಅಲ್ಲ, ಒಪ್ಪತೀನಿ. "ಯೂಟ್ಯೂಬಿಗೆ ಹಾಕಿದ್ರಾತು ಬಿಡು" ಅಂತನೂ ಅಂದೀರಿ. ಹಾಕ್ರಿ. ಆದ್ರ ಜಗತ್ತಿನ ಹಾಡಿನ ಗುಂಪಿನ್ಯಾಗ ನಮ್ಮ ಅತ್ತಿ ಪದ ಯಾರು ಹುಡಿಕ್ಯಾರು? ಊರ ರೇಡಿಯೊದಾಗ ಬಂದ್ರ ಓಣಿ ಮಂದಿ "ಏ, ಇದು ನಮ್ಮ ಗಂಗವ್ವನ ದನಿ!" ಅಂದಾರು. ಸಂಜಿಮುಂದ ಒಂದು ತಾಸು ಹುಡುಗರು ಗಿಟಾರ್ ಬಾರಿಸಲಿ, ನಮ್ಮದೇನೂ ತಕರಾರಿಲ್ಲ. ಶರೀಫಜ್ಜ ಗಿಟಾರಿಗೆ ಹೊಂದ್ಯಾನಂದ್ರ ಬೀಸೂ ಪದ ಹೊಂದೂದಿಲ್ಲೇನು?

ರೇಡಿಯೊ ಬರೂತನಕ ಸುಮ್ಮನ ಕುಂಡ್ರಬ್ಯಾಡ್ರಿ ಅಕ್ಕಗೋಳ್ರ್ಯಾ. ಮನ್ಯಾಗ ಹಾಡೂ ಹಿರೇರಿದ್ರ ಇವತ್ತ ಸಂಜಿಗೆ ಫೋನಿನ್ಯಾಗ ಹಿಡದಿಡ್ರಿ. ಖಾರದ ಕೈ ಮಾತ್ರ ತೊಳಕೊಂಡು.