ಟೀಮ್‌ನಲ್ಲಿ ಟೀಚರ್ ಕೂಡ ಇರಲಿ

ನಮ್ಮ ಗ್ರೂಪ್ ಪ್ರಾಜೆಕ್ಟ್‌ಗಳು ಹೇಗೆ ನಡೆಯುತ್ತವೆ ಅಂತ ಎಲ್ಲರಿಗೂ ಗೊತ್ತು. ಕೆಲಸ ಹಂಚಿಕೊಂಡು, ಕೊನೇ ರಾತ್ರಿ ಎಲ್ಲವನ್ನೂ ಜೋಡಿಸೋದು. ಮಕ್ಕಳ ಮೆದುಳಿನ ಗಡ್ಡೆಗೆ ಹೀಗೆ ಚಿಕಿತ್ಸೆ ಕೊಡೋಕಾಗಲ್ಲ.

ಮೆಡುಲ್ಲೋಬ್ಲಾಸ್ಟೋಮಾವನ್ನೇ ತಗೊಳ್ಳಿ. ಮಕ್ಕಳ ಮೆದುಳಿನ ಕ್ಯಾನ್ಸರ್ ಗಡ್ಡೆಗಳಲ್ಲಿ ಹೆಚ್ಚಾಗಿ ಕಾಣಿಸೋದು ಇದೇ. ಸರ್ಜನ್ ಗಡ್ಡೆ ತೆಗೀತಾರೆ, ಪೆಥಾಲಜಿಸ್ಟ್ ಅದು ಯಾವ ಬಗೆಯದು ಅಂತ ಹೇಳ್ತಾರೆ, ಆಮೇಲೆ ರೇಡಿಯೇಷನ್, ಕೀಮೋ. ಆದರೆ ಮಗುವಿಗೆ 3 ವರ್ಷ ತುಂಬಿಲ್ಲ ಅಂದ್ರೆ ರೇಡಿಯೇಷನ್ ಬೆಳೆಯುತ್ತಿರುವ ಮೆದುಳಿಗೇ ಪೆಟ್ಟು ಕೊಡುತ್ತೆ. ಹಾಗಾಗಿ ಸಾಮಾನ್ಯವಾಗಿ ಕೀಮೋ ಕೊಟ್ಟು ಅದನ್ನು ಮುಂದೂಡುತ್ತಾರೆ, ಇಲ್ಲವೇ ತಪ್ಪಿಸುತ್ತಾರೆ. ಇಂಥ ನಿರ್ಧಾರ ಒಬ್ಬರೇ ಮಾಡುವಂಥದ್ದಲ್ಲ. ಅದಕ್ಕೇ ಟ್ಯೂಮರ್ ಬೋರ್ಡ್ ಅನ್ನೋ ಸಭೆ ಇರೋದು. ಬೇರೆ ಬೇರೆ ತಜ್ಞರು ಒಟ್ಟಿಗೆ ಕೂತು ಒಂದು ಮಗುವಿನ ಸ್ಕ್ಯಾನ್ ನೋಡಿ ತೀರ್ಮಾನ ಮಾಡ್ತಾರೆ.

ನನ್ನ ಪ್ರಕಾರ ಆ ಟೀಮ್ ಆಸ್ಪತ್ರೆಯ ಗೇಟ್ ದಾಟಬೇಕು. ಆಪರೇಷನ್ ಆದ ಮೇಲೆ ಕೆಲವು ಮಕ್ಕಳು ವಾರಗಟ್ಟಲೆ ಮಾತೇ ಆಡಲ್ಲ, ಅವರಿಗೆ ಸ್ಪೀಚ್ ಥೆರಪಿ ಬೇಕು. ರೇಡಿಯೇಷನ್‌ನಿಂದ ಎತ್ತರ ಬೆಳೆಯೋದು, ಹೊಸದನ್ನು ಕಲಿಯೋದು ನಿಧಾನವಾಗಬಹುದು. ಸಿಸ್‌ಪ್ಲಾಟಿನ್ ಅನ್ನೋ ಕೀಮೋ ಔಷಧಿಯಿಂದ ಕಿವಿ ಮಂದವಾಗಬಹುದು. ಇದನ್ನೆಲ್ಲ ಟೀಚರ್‌ಗೆ ಯಾರೂ ಹೇಳದಿದ್ರೆ, ಇಷ್ಟೆಲ್ಲ ಗೆದ್ದು ಸ್ಕೂಲಿಗೆ ವಾಪಸ್ ಬಂದ ಮಗು ಲಾಸ್ಟ್ ಬೆಂಚಲ್ಲಿ ಕೂತು "ಪಾಠಕ್ಕೆ ಗಮನ ಕೊಡಲ್ಲ" ಅಂತ ಬೈಸಿಕೊಳ್ಳುತ್ತೆ.

ಮುಂದಿನ ಬೆಂಚು, ಪರೀಕ್ಷೆಯಲ್ಲಿ ಸ್ವಲ್ಪ ಹೆಚ್ಚು ಟೈಮ್. ಇದಕ್ಕೆ ಕೋಟಿ ರೂಪಾಯಿಯ ಮಷೀನ್ ಬೇಡ. ಡಿಸ್ಚಾರ್ಜ್ ದಿನ ಡಾಕ್ಟರಿಗೆ ಬರೆಯೋ ರಿಪೋರ್ಟ್ ಜೊತೆ ಟೀಚರ್‌ಗೂ ಒಂದು ಪತ್ರ ಬರೆದು ಕೊಡಲಿ. ಕನ್ನಡದಲ್ಲಿ, ಅರ್ಥವಾಗೋ ಹಾಗೆ.