ವಾಡಿಕೆಯ ಚಳಿ: ಯಾರ ವಾಡಿಕೆ?

ಪ್ರತಿ ವರ್ಷ ಮಾರ್ಚ್ ತಿಂಗಳ ಮೊದಲ ವಾರದಲ್ಲಿ ಪತ್ರಿಕೆಗಳ ಒಳಪುಟದ ಮೂಲೆಯಲ್ಲಿ ಒಂದು ಚಿಕ್ಕ ವರದಿ ಕಾಣಿಸಿಕೊಳ್ಳುತ್ತದೆ. ಉತ್ತರ ಒಳನಾಡಿನಲ್ಲಿ ಚಳಿಗಾಲದ ಮಳೆ ವಾಡಿಕೆಗಿಂತ ಶೇಕಡಾ ಇಷ್ಟು ಕಡಿಮೆ ಅಥವಾ ಹೆಚ್ಚು, ಕನಿಷ್ಠ ತಾಪಮಾನ ವಾಡಿಕೆಯ ಆಸುಪಾಸಿನಲ್ಲಿತ್ತು ಎಂಬುದು ಅದರ ಸಾರಾಂಶ. ನಗರದ ಓದುಗರು ಅದರ ಮೇಲೆ ಕಣ್ಣಾಡಿಸಿ ಪುಟ ತಿರುಗಿಸುತ್ತಾರೆ. ಸರ್ಕಾರಿ ಸೇವೆಯಲ್ಲಿದ್ದಾಗ ಇಂತಹ ಎಷ್ಟೋ ವರದಿಗಳಿಗೆ ನಾನೇ ಸಹಿ ಹಾಕಿದ್ದೇನೆ. ನಿವೃತ್ತಿಯ ನಂತರ ಅವನ್ನೇ ಸಾವಧಾನವಾಗಿ ಓದುವಾಗ, ಆ ‘ವಾಡಿಕೆ’ ಎಂಬ ಪದ ಎಷ್ಟನ್ನು ಹೇಳುತ್ತದೆಯೋ ಅದಕ್ಕಿಂತ ಹೆಚ್ಚಿನದನ್ನು ಮರೆಮಾಚುತ್ತದೆ ಎಂಬ ಅನುಮಾನ ನನ್ನಲ್ಲಿ ಬಲವಾಗುತ್ತಿದೆ.

ಈ ಅನುಮಾನದ ಮೂಲ ಹಳೆಯದು. 1980ರ ದಶಕದ ಕೊನೆಯ ವರ್ಷಗಳು. ಬಾಗಲಕೋಟೆ ಇನ್ನೂ ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ. ಕಿರಿಯ ಅಧಿಕಾರಿಯಾಗಿದ್ದ ನಾನು ಎಳ್ಳ ಅಮಾವಾಸ್ಯೆಯ ದಿನ ಬಸವನ ಬಾಗೇವಾಡಿ ತಾಲ್ಲೂಕಿನ ಹೂವಿನ ಹಿಪ್ಪರಗಿ ಹೋಬಳಿಯ ಒಂದು ಹೊಲಕ್ಕೆ ಊಟಕ್ಕೆ ಹೋಗಿದ್ದೆ. ಚರಗ ಚೆಲ್ಲಿ, ಸಜ್ಜೆ ಕಡುಬು, ಬದನೆಕಾಯಿ ಪಲ್ಯ ಉಂಡು ಕುಳಿತಿದ್ದಾಗ ಮನೆಯ ಹಿರಿಯರು ಬಿಳಿಜೋಳದ ತೆನೆಯೊಂದನ್ನು ಬಗ್ಗಿಸಿ ತೋರಿಸಿ, ‘ಈ ವರ್ಷ ಚಳಿ ಕೂಡಲಿಲ್ಲ ಸಾಹೇಬರ, ಕಾಳು ತುಂಬೂದಿಲ್ಲ’ ಎಂದರು. ಹಿಂದಿನ ವಾರವಷ್ಟೇ ಆ ಹೋಬಳಿಯ ಹಿಂಗಾರು ಪರಿಸ್ಥಿತಿ ‘ಸಾಧಾರಣ ಉತ್ತಮ’ ಎಂದು ನಾನು ವರದಿ ಕಳುಹಿಸಿದ್ದೆ. ಮಳೆಯ ಅಂಕಿ ವಾಡಿಕೆಯಷ್ಟಿತ್ತು. ನನಗೆ ಅಷ್ಟೇ ಸಾಕಾಗಿತ್ತು. ಫೆಬ್ರವರಿಯಲ್ಲಿ ರಾಶಿಯಾದಾಗ ಅವರ ಮಾತು ನಿಜವಾಯಿತು, ನನ್ನ ವರದಿ ಸುಳ್ಳಾಯಿತು. ಮೇಲಧಿಕಾರಿಗಳಾರೂ ಅದನ್ನು ಪ್ರಶ್ನಿಸಲಿಲ್ಲ. ಅಂಕಿಗಳ ಪ್ರಕಾರ ಅದರಲ್ಲಿ ತಪ್ಪೇನೂ ಇರಲಿಲ್ಲ.

ಹವಾಮಾನ ಶಾಸ್ತ್ರದಲ್ಲಿ ವಾಡಿಕೆ ಎಂದರೆ ಸಾಮಾನ್ಯವಾಗಿ ಮೂವತ್ತು ವರ್ಷಗಳ ಸರಾಸರಿ. ತಾಪಮಾನಕ್ಕೆ ಈಗ ಬಳಕೆಯಲ್ಲಿರುವುದು 1991ರಿಂದ 2020ರವರೆಗಿನ ಸರಾಸರಿ. ಮಳೆಗೆ ನಮ್ಮ ಹವಾಮಾನ ಇಲಾಖೆ ಐವತ್ತು ವರ್ಷಗಳ ಸರಾಸರಿಯನ್ನು ಅಳತೆಗೋಲಾಗಿ ಇಟ್ಟುಕೊಂಡಿದೆ. ಈ ವಿಧಾನದಲ್ಲಿ ದೋಷವಿಲ್ಲ. ತೊಡಕು ಇರುವುದು ಅದನ್ನು ಯಾವ ಪ್ರದೇಶಕ್ಕೆ, ಯಾವ ಅವಧಿಗೆ ಅನ್ವಯಿಸುತ್ತೇವೆ ಎಂಬುದರಲ್ಲಿ. ಇಲಾಖೆಯ ಲೆಕ್ಕದಲ್ಲಿ ಕರ್ನಾಟಕಕ್ಕೆ ಮೂರೇ ಉಪವಿಭಾಗಗಳು: ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು. ಖಾನಾಪುರದ ಮಲೆನಾಡಿನ ಸೆರಗೂ ಸಿಂದಗಿಯ ಬಯಲೂ ಉತ್ತರ ಒಳನಾಡಿನ ಒಂದೇ ಸರಾಸರಿಯಲ್ಲಿ ಕರಗಿಹೋಗುತ್ತವೆ.

ಅವಧಿಯ ವಿಷಯ ಇನ್ನೂ ಕುತೂಹಲಕರ. ಇಲಾಖೆಯ ಋತುಮಾನದ ಪ್ರಕಾರ ಚಳಿಗಾಲ ಎಂದರೆ ಜನವರಿ ಮತ್ತು ಫೆಬ್ರವರಿ ಮಾತ್ರ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನದು ಮುಂಗಾರೋತ್ತರ ಕಾಲ. ಆದರೆ ನವೆಂಬರ್ ಕೊನೆಯಲ್ಲಿ ಇಲಾಖೆಯೇ ಹೊರಡಿಸುವ ಚಳಿಗಾಲದ ಮುನ್ಸೂಚನೆ ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಮೂರು ತಿಂಗಳಿಗೆ ಸಂಬಂಧಿಸಿರುತ್ತದೆ. ಇನ್ನು ಹೂವಿನ ಹಿಪ್ಪರಗಿಯ ರೈತನ ಚಳಿಗಾಲ ಇವೆರಡಕ್ಕೂ ಹೊಂದುವುದಿಲ್ಲ. ಉತ್ತರಿ, ಹಸ್ತ ಮಳೆಗಳ ಹಸಿಯಲ್ಲಿ ಬಿತ್ತಿದ ಜೋಳ ದೀಪಾವಳಿಯ ಹೊತ್ತಿಗೆ ಮೊಳಕಾಲುದ್ದ ಬೆಳೆದಿರುತ್ತದೆ. ಡಿಸೆಂಬರ್‌ನಲ್ಲಿ ತೆನೆ ಹಿರಿಯುತ್ತದೆ, ಸಂಕ್ರಮಣದ ಆಚೀಚೆ ಹಾಲುಗಾಳು ತುಂಬುತ್ತದೆ. ಅವನ ಪಾಲಿಗೆ ಚಳಿಗಾಲ ಅಕ್ಟೋಬರ್ ನಡುವಿನಲ್ಲಿ ಆರಂಭವಾಗಿ ರಾಶಿಯ ಕಣದಲ್ಲಿ ಮುಗಿಯುತ್ತದೆ.

ಮಳೆಯ ಶೇಕಡಾವಾರು ವ್ಯತ್ಯಾಸವನ್ನು ಗಮನಿಸಿ. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಮೊದಲು ಹೇಳಿಕೊಡುವ ಪಾಠಗಳಲ್ಲಿ ಒಂದು, ಚಿಕ್ಕ ಸಂಖ್ಯೆಯ ಮೇಲೆ ಶೇಕಡಾವಾರು ಕಟ್ಟಬೇಡ ಎಂಬುದು. ಜನವರಿ, ಫೆಬ್ರವರಿಗಳಲ್ಲಿ ಈ ಬಯಲಿನ ವಾಡಿಕೆ ಮಳೆ ಕೆಲವೇ ಮಿಲಿಮೀಟರ್. ಒಂದು ಹನಿಯೂ ಬೀಳದಿದ್ದರೆ ಶೇಕಡಾ 100ರಷ್ಟು ಕೊರತೆ. ಒಂದು ಸಂಜೆ ಗುಡುಗಿ ಹತ್ತು ಮಿಲಿಮೀಟರ್ ಸುರಿದರೆ ‘ಅತ್ಯಧಿಕ’. ಇಲಾಖೆಯ ವರ್ಗೀಕರಣದಲ್ಲಿ ವಾಡಿಕೆಗಿಂತ ಶೇಕಡಾ 19ರವರೆಗಿನ ಏರಿಳಿತ ಸಾಮಾನ್ಯ. ಶೇಕಡಾ 60 ಮತ್ತು ಅದಕ್ಕಿಂತ ಹೆಚ್ಚಾದರೆ ಅತ್ಯಧಿಕ. ಆದರೆ ಮಳೆ ಬಾರದ ಜನವರಿಯೇ ಇಲ್ಲಿ ಒಳ್ಳೆಯ ಜನವರಿ. ಆ ‘ಅತ್ಯಧಿಕ’ ಮಳೆ ಒಣಗಿದ ತೊಗರಿಯನ್ನು ಕಪ್ಪಾಗಿಸುತ್ತದೆ. ಫೆಬ್ರವರಿಯ ಕೊನೆಯಲ್ಲಿ ಬಂದರೆ ಒಣದ್ರಾಕ್ಷಿಯ ಶೆಡ್ಡುಗಳಲ್ಲಿ ಮಾಲನ್ನು ಕೆಡಿಸುತ್ತದೆ. ವರದಿಯಲ್ಲಿ ಕೊರತೆ ಎನಿಸಿದ್ದು ಹೊಲದಲ್ಲಿ ಲಾಭ, ಅಲ್ಲಿ ಹೆಚ್ಚಳ ಎನಿಸಿದ್ದು ಇಲ್ಲಿ ನಷ್ಟ.

ಹಾಗಾದರೆ ಬೆಳೆಯನ್ನು ನಿರ್ಧರಿಸುವುದು ಯಾವುದು? ಡೋಣಿ ನದಿಯ ಕಣಿವೆಯ ಆಳವಾದ ಎರೆಮಣ್ಣು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಕುಡಿದ ನೀರನ್ನು ನಾಲ್ಕು ತಿಂಗಳು ಹಿಡಿದಿಟ್ಟುಕೊಳ್ಳುತ್ತದೆ. ಆ ಉಳಿತಾಯದ ಖಾತೆಯಿಂದಲೇ ಮಳೆಯಾಶ್ರಿತ ಹಿಂಗಾರು ಜೋಳ ಬದುಕಬೇಕು. ರಾತ್ರಿ ತಂಪಾಗಿದ್ದರೆ ಖರ್ಚು ಕಡಿಮೆ, ಬೆಚ್ಚಗಿದ್ದರೆ ಹೆಚ್ಚು. ಹಗಲಿನಲ್ಲಿ ಗಿಡ ಕೂಡಿಟ್ಟ ಸಕ್ಕರೆಯನ್ನು ಬಿಸಿ ರಾತ್ರಿಯ ಉಸಿರಾಟ ಸುಡುತ್ತದೆ, ಬೆಳೆ ಅವಸರದಿಂದ ಮಾಗುತ್ತದೆ, ಕಾಳು ಸಣ್ಣದಾಗುತ್ತದೆ. ಹಸಿ ಮುಗಿದು ಬಿಸಿಲೇರಿದರೆ ಬುಡ ಕೊಳೆತು ದಂಟು ಮುರಿದು ಬೀಳುವ ರೋಗವೂ ಸೇರಿಕೊಳ್ಳುತ್ತದೆ. ಹಾಗೆಂದು ಚಳಿ ಮಿತಿಮೀರಿದರೂ ಒಳಿತಲ್ಲ. ಹೂವಾಡುವ ಹಂತದಲ್ಲಿ ಕಡುಚಳಿಗೆ ಕಾಳು ಕಟ್ಟುವುದು ಕುಂಠಿತವಾಗುತ್ತದೆ. ಕಡಲೆಗೂ ತಂಪು ಬೇಕು, ತಿಳಿ ಆಕಾಶ ಬೇಕು. ಮೋಡ ಕವಿದ ಡಿಸೆಂಬರ್ ಎಂದರೆ ಕಾಯಿಕೊರಕದ ಹಬ್ಬ. ಹಿಂದೆ ಹೆಂಗಸರು ಕಡಲೆ ಹೊಲದಲ್ಲಿ ಬಿಳಿ ಬಟ್ಟೆ ಹಾಸಿ ಇಬ್ಬನಿಯ ಹುಳಿ ಹಿಂಡಿಕೊಳ್ಳುತ್ತಿದ್ದರು. ಇಬ್ಬನಿ ಬಿದ್ದ ರಾತ್ರಿಗಳ ಲೆಕ್ಕ ಅವರ ಬಳಿ ಇರುತ್ತಿತ್ತು, ನಮ್ಮ ಕಡತಗಳಲ್ಲಿ ಇರಲಿಲ್ಲ.

ತಿಂಗಳ ಸರಾಸರಿ ಈ ರಾತ್ರಿಗಳನ್ನು ನುಂಗಿಹಾಕುತ್ತದೆ. ಲೆಕ್ಕಕ್ಕಾಗಿ ವಾಡಿಕೆ ಕನಿಷ್ಠ ತಾಪಮಾನ 15 ಡಿಗ್ರಿ ಎಂದಿಟ್ಟುಕೊಳ್ಳೋಣ. ತಿಂಗಳ ಮೊದಲ ಹದಿನೈದು ರಾತ್ರಿ 11 ಡಿಗ್ರಿ, ಉಳಿದ ಹದಿನೈದು ರಾತ್ರಿ 19 ಡಿಗ್ರಿ ಇದ್ದರೆ ಸರಾಸರಿ ನಿಖರವಾಗಿ 15. ವರದಿಯಲ್ಲಿ ‘ವಾಡಿಕೆ’. ಹೊಲದಲ್ಲಿ ಹೂವು ಚಳಿಗೆ ಸಿಕ್ಕಿದೆ, ಕಾಳು ಸೆಕೆಗೆ ಸಿಕ್ಕಿದೆ.

ಇದರ ಜೊತೆಗೆ ವಾಡಿಕೆ ತಾನೇ ಸರಿಯುತ್ತಿದೆ. ದೇಶದ ನೈರುತ್ಯ ಮುಂಗಾರಿನ ವಾಡಿಕೆ ಒಂದು ಕಾಲಕ್ಕೆ 89 ಸೆಂಟಿಮೀಟರ್ ಇತ್ತು. ನಂತರ 88 ಆಯಿತು. 1971ರಿಂದ 2020ರ ಅವಧಿಯನ್ನು ಆಧಾರವಾಗಿಟ್ಟುಕೊಂಡ ಬಳಿಕ, 2022ರಿಂದ, 87 ಆಗಿದೆ. ತಾಪಮಾನದಲ್ಲಿ ಅಳತೆಗೋಲು ಮೇಲಕ್ಕೆ ಸರಿಯುತ್ತಿದೆ. 1901ರಿಂದೀಚೆಗಿನ ದಾಖಲೆಗಳಲ್ಲಿ ದೇಶಕ್ಕೆ 2024 ಅತ್ಯಂತ ಬಿಸಿಯಾದ ವರ್ಷ. ಅದೇ ವರ್ಷದ ಅಕ್ಟೋಬರ್ ಅತ್ಯಂತ ಬಿಸಿಯಾದ ಅಕ್ಟೋಬರ್. ಸರಾಸರಿ ತಾಪಮಾನದ ಲೆಕ್ಕದಲ್ಲಿ 2025ರ ಫೆಬ್ರವರಿ ಅತ್ಯಂತ ಬಿಸಿಯಾದ ಫೆಬ್ರವರಿ. ಇವು ದೇಶದ ಸರಾಸರಿಗಳು, ಹೂವಿನ ಹಿಪ್ಪರಗಿಯವಲ್ಲ. ಆದರೆ ಅಕ್ಟೋಬರ್ ನಮ್ಮ ಬಿತ್ತನೆಯ ತಿಂಗಳು, ಫೆಬ್ರವರಿ ರಾಶಿಯ ತಿಂಗಳು ಎಂಬುದನ್ನು ಮರೆಯಲಾಗದು. ಬೆಚ್ಚಗಾದ ವರ್ಷಗಳು ಸರಾಸರಿಯೊಳಗೆ ಸೇರಿದಂತೆಲ್ಲ ಮುಂದಿನ ಬಿಸಿ ಚಳಿಗಾಲ ‘ವಾಡಿಕೆ’ಯಂತೆಯೇ ಕಾಣುತ್ತದೆ. ಕಾಗದದಲ್ಲಿ ವ್ಯತ್ಯಾಸ ಅಳಿಸಿಹೋದರೂ ಜೋಳದ ಸ್ವಭಾವ ಹತ್ತು ವರ್ಷಕ್ಕೊಮ್ಮೆ ಪರಿಷ್ಕರಣೆಯಾಗುವುದಿಲ್ಲ.

ಇದು ಕೇವಲ ಪದಗಳ ಚರ್ಚೆಯಲ್ಲ. ಹಣದ ಪ್ರಶ್ನೆಯೂ ಹೌದು. 2016ರ ಬರ ನಿರ್ವಹಣಾ ಕೈಪಿಡಿಯ ಪ್ರಕಾರ ಬರ ಘೋಷಣೆಯ ಮೊದಲ ಮೆಟ್ಟಿಲು ಮಳೆಯ ಕೊರತೆ ಮತ್ತು ಶುಷ್ಕ ಅವಧಿ. ಆ ಮೆಟ್ಟಿಲು ಹತ್ತಿದ ಮೇಲಷ್ಟೇ ಬೆಳೆ, ತೇವಾಂಶ, ಜಲಾಶಯಗಳ ಸ್ಥಿತಿ ಪರಿಶೀಲನೆಗೆ ಬರುತ್ತದೆ. ರಾತ್ರಿಯ ತಾಪಮಾನಕ್ಕೆ ಅಲ್ಲಿ ಪ್ರತ್ಯೇಕ ಸ್ಥಾನವಿಲ್ಲ. 2023ರಂತೆ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವಾದಾಗ ಎಲ್ಲರ ಗಮನ ಇತ್ತ ಹರಿಯುತ್ತದೆ. ಮಳೆ ಸರಿಯಿದ್ದು ಚಳಿ ಕೈಕೊಟ್ಟ ವರ್ಷದ ನಷ್ಟಕ್ಕೆ ಹೆಸರೇ ಇಲ್ಲ. ವಿಪತ್ತು ಪರಿಹಾರ ನಿಧಿಯ ಪಟ್ಟಿಯಲ್ಲಿ ಶೀತಗಾಳಿ ಇದೆ. ಬಯಲು ಸೀಮೆಯಲ್ಲಿ ತಾಪಮಾನ 10 ಡಿಗ್ರಿ ಅಥವಾ ಕೆಳಗಿಳಿದು, ವಾಡಿಕೆಗಿಂತ 4.5 ಡಿಗ್ರಿ ಕುಸಿದರೆ ಅದನ್ನು ಘೋಷಿಸಬಹುದು. ಚಳಿ ಬಂದರೆ ವಿಪತ್ತು. ಬಾರದಿದ್ದರೆ ಏನೂ ಅಲ್ಲ.

ದ್ರಾಕ್ಷಿ, ದಾಳಿಂಬೆಗೆ ಹವಾಮಾನ ಆಧಾರಿತ ವಿಮೆ ಇದೆ. ಕರ್ನಾಟಕ 2007ರಲ್ಲೇ ಇದರ ಪ್ರಯೋಗ ನಡೆಸಿದ ರಾಜ್ಯ. ಅಲ್ಲಿ ಮಾಪಕದ ಅಂಕಿಯೇ ಸಾಕ್ಷಿ, ಅದೇ ತೀರ್ಪು. ಜೋಳ, ಕಡಲೆಗೆ ಬೆಳೆ ಕಟಾವು ಪ್ರಯೋಗದ ಇಳುವರಿ ಆಧಾರ. ಈ ಎರಡನೆಯ ವಿಧಾನದಲ್ಲಿ ಚಳಿಯ ವೈಫಲ್ಯ ಇಳುವರಿಯ ಮೂಲಕ ಪರೋಕ್ಷವಾಗಿಯಾದರೂ ಕಾಣುತ್ತದೆ. ಆದರೆ ಕಾರಣ ದಾಖಲಾಗದೆ ಉಳಿಯುವುದರಿಂದ ಮರುವರ್ಷದ ಸಲಹೆಗೆ ಅದು ಒದಗುವುದಿಲ್ಲ.

ಏಕರೂಪದ, ಸರಳ ಮಾನದಂಡವಿಲ್ಲದೆ ಆಡಳಿತ ನಡೆಯದು ಎಂಬ ಆಕ್ಷೇಪ ಬರಬಹುದು. ಇದು ನ್ಯಾಯವಾದ ಮಾತು. ಹೋಬಳಿಗೊಂದು, ಬೆಳೆಗೊಂದು ನಿಯಮ ಮಾಡಿದರೆ ಒತ್ತಡ, ಶಿಫಾರಸುಗಳಿಗೆ ಬಾಗಿಲು ತೆರೆದಂತಾಗುತ್ತದೆ ಎಂಬುದನ್ನು ಆಣೆವಾರಿ ಕಾಲದಿಂದ ಬಲ್ಲವನು ನಾನು. ಆಲಮಟ್ಟಿಯ ನೀರು ಏತ ನೀರಾವರಿಯ ಮೂಲಕ ಈ ಭಾಗದ ಕೆರೆ, ಕಾಲುವೆಗಳಿಗೆ ಬರುತ್ತಿರುವುದರಿಂದ ಈ ಚಿಂತೆ ಹಳತಾಯಿತು ಎನ್ನುವವರೂ ಇದ್ದಾರೆ. ನೀರು ಬಂದ ಹೊಲದಲ್ಲಿ ಹಸಿಯ ಚಿಂತೆ ತಗ್ಗಿದೆ, ನಿಜ. ಕಾಲುವೆ ರಾತ್ರಿಯ ತಂಪನ್ನು ತರಲಾರದು.

ನನ್ನ ಸಲಹೆ ಹೊಸ ಸಬ್ಸಿಡಿಯದ್ದಲ್ಲ. 1988ರಲ್ಲಿ ಬರ ನಿಗಾ ಘಟಕವಾಗಿ ಆರಂಭವಾದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇಂದು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ, ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರಗಳ ಜಾಲ ಹೊಂದಿದೆ. ಈ ಜಾಲಕ್ಕೆ ಮೂವತ್ತು ವರ್ಷ ತುಂಬಿಲ್ಲವಾದ್ದರಿಂದ ಹೋಬಳಿಗೆ ತನ್ನದೇ ಆದ ತಾಪಮಾನದ ವಾಡಿಕೆ ಇಲ್ಲ. ಆದರೆ ಅಂಕಿಗಳು ಸೇರುತ್ತಿವೆ. ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಪ್ರತಿ ಹೋಬಳಿಗೆ ಒಂದು ಪುಟದ ‘ಹಿಂಗಾರು ಪತ್ರಿಕೆ’ ಹೊರತರುವುದು ಕಷ್ಟವಲ್ಲ: ಬಿತ್ತನೆಯ ವೇಳೆಗೆ ಮಣ್ಣಿನಲ್ಲಿದ್ದ ತೇವ, ಹದಿನೈದು ದಿನಗಳಿಗೊಮ್ಮೆ ತಂಪು ರಾತ್ರಿಗಳ ಮತ್ತು ಬಿಸಿ ರಾತ್ರಿಗಳ ಎಣಿಕೆ, ಮೋಡದ ದಿನಗಳು. ವ್ಯತ್ಯಾಸವನ್ನು ಹೇಳುವಾಗ ಹೊಸ ವಾಡಿಕೆಯ ಪಕ್ಕದಲ್ಲಿ ಹಳೆಯ ವಾಡಿಕೆಯನ್ನೂ ಮುದ್ರಿಸಲಿ. ಬೆಳೆ ಕಟಾವು ಪ್ರಯೋಗದ ನಮೂನೆಯಲ್ಲಿ ಇಳುವರಿಯ ಎದುರು ಆ ಋತುವಿನ ರಾತ್ರಿಗಳ ಎಣಿಕೆಗೆ ಒಂದು ಅಂಕಣ ಇರಲಿ. ಕೆಲವು ವರ್ಷಗಳಲ್ಲಿ ಎರಡಕ್ಕೂ ಇರುವ ಸಂಬಂಧ ಸ್ಪಷ್ಟವಾದೀತು. ನಿಯಮ ಬದಲಿಸಬೇಕೇ ಬೇಡವೇ ಎಂಬುದನ್ನು ಆಗ ನಿರ್ಧರಿಸಬಹುದು.

ಆ ಹಿರಿಯರು ಈಗಿಲ್ಲ. ಅವರ ಹೊಲದ ಒಂದು ಭಾಗಕ್ಕೆ ಈಗ ತೊಗರಿ ಬಂದಿದೆ ಎಂದು ಕೇಳಿದ್ದೇನೆ. ಅಂದು ಅವರ ಮಾತನ್ನು ವರದಿಯಲ್ಲಿ ಬರೆಯಲು ನನಗೆ ಅಂಕಣವಿರಲಿಲ್ಲ, ಬರೆಯಬೇಕೆಂಬ ವಿವೇಕವೂ ಇರಲಿಲ್ಲ. ಇಂದು ಆ ಹೋಬಳಿಯಲ್ಲಿ ಪ್ರತಿ ರಾತ್ರಿಯ ತಾಪಮಾನವನ್ನೂ ಯಂತ್ರವೊಂದು ದಾಖಲಿಸುತ್ತಿದೆ. ಅದನ್ನು ಓದಿ, ಜೋಳದ ತೆನೆಯ ಜೊತೆ ಹೋಲಿಸಿ ನೋಡುವ ಕೆಲಸ ಮಾತ್ರ ಬಾಕಿ ಇದೆ.